ಮೂಲೆಗೆ ಬಿದ್ದ ಸೈಕಲ್ಲಿಗೆ ಮಾತು ಕಲಿಸುವವರು

2020ರ ಮಾರ್ಚ್‌ನಲ್ಲಿ ಅಮೆರಿಕದ ಫ್ಲೈವೀಲ್ ಕಂಪನಿಯ ವ್ಯಾಯಾಮದ ಸೈಕಲ್ಲುಗಳು ಗ್ರಾಹಕರ ಮನೆಗಳಲ್ಲಿ ಇದ್ದಕ್ಕಿದ್ದಂತೆ ಮೂಕವಾದವು. ಒಂದೊಂದಕ್ಕೂ ಸುಮಾರು 2,000 ಡಾಲರ್ ಕೊಟ್ಟು ಕೊಂಡಂಥವು ಅವು. ಪೆಡಲ್ ತುಳಿಯುತ್ತಿದ್ದರೆ ಎದುರಿನ ಟ್ಯಾಬ್ಲೆಟ್ಟಿನಲ್ಲಿ ತರಬೇತುದಾರರು ಹುರಿದುಂಬಿಸುತ್ತಿದ್ದರು, ತುಳಿದ ಶಕ್ತಿಯ ಲೆಕ್ಕ ಪರದೆಯ ಮೇಲೆ ಏರಿಳಿಯುತ್ತಿತ್ತು. ಪ್ರತಿಸ್ಪರ್ಧಿ ಪೆಲೊಟಾನ್ ಹೂಡಿದ್ದ ಪೇಟೆಂಟ್ ದಾವೆ ರಾಜಿಯಲ್ಲಿ ಮುಗಿಯಿತು, ಆ ಸೇವೆಯೂ ನಿಂತಿತು. ಕಬ್ಬಿಣ ಗಟ್ಟಿಮುಟ್ಟಾಗಿತ್ತು, ಚಕ್ರ ಸಲೀಸಾಗಿ ತಿರುಗುತ್ತಿತ್ತು. ಅಂಕಿ ಮಾತ್ರ ಮಾಯ.

ಹಾಗೆ ಕೈಸುಟ್ಟುಕೊಂಡವರಲ್ಲಿ ಒಬ್ಬ ಹವ್ಯಾಸಿ ಸೈಕಲ್ಲನ್ನು ಗುಜರಿಗೆ ಹಾಕಲು ಒಪ್ಪಲಿಲ್ಲ. ಅದು ಬ್ಲೂಟೂತ್‌ನಲ್ಲಿ ಇನ್ನೂ ಏನೋ ಹೇಳುತ್ತಲೇ ಇತ್ತು, ಆದರೆ ಆ ಮಾತು ಕಂಪನಿಯ ಆಪ್‌ಗಷ್ಟೇ ಅರ್ಥವಾಗುವಂಥದ್ದು. ಬರುವ ಬೈಟ್‌ಗಳಲ್ಲಿ ಯಾವುದು ಪೆಡಲಿನ ಸುತ್ತು, ಯಾವುದು ವಾಟ್ ಎಂದು ಅವರು ಬಿಡಿಸಿದರು. ಆಗ 10 ಡಾಲರಿಗೆ ಸಿಗುತ್ತಿದ್ದ ರಾಸ್ಪ್‌ಬೆರಿ ಪೈ ಝೀರೊ ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರನ್ನು ಪಕ್ಕದಲ್ಲಿಟ್ಟು, ಸೈಕಲ್ಲಿನ ಗುಟ್ಟಿನ ಮಾತನ್ನು ಎಲ್ಲ ಫಿಟ್‌ನೆಸ್ ಆಪ್‌ಗಳಿಗೂ ತಿಳಿಯುವ ಸಾರ್ವತ್ರಿಕ ಬ್ಲೂಟೂತ್ ನುಡಿಗೆ ಬದಲಿಸಿದರು. ಸತ್ತಿದ್ದ ಸೈಕಲ್ಲು ಝ್ವಿಫ್ಟ್ ಆಟದ ರಸ್ತೆಗಳಲ್ಲಿ ಮತ್ತೆ ಓಡಿತು. ಜಿಮ್ನಾಸ್ಟಿಕಾನ್ ಎಂದು ಹೆಸರಿಟ್ಟ ಆ ತಂತ್ರಾಂಶವನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಬೇರೆ ಕಂಪನಿಗಳ ಸೈಕಲ್ಲುಗಳೂ ಅದರ ಪಟ್ಟಿಗೆ ಸೇರಿದವು. ಅವುಗಳಲ್ಲಿ ಪೆಲೊಟಾನ್ ಕೂಡ ಒಂದು ಎಂಬುದು ಈ ಪ್ರಸಂಗದ ತಮಾಷೆ.

ಅಂತರ್ಜಾಲಕ್ಕೆ ಅಂಟಿಕೊಂಡ ಯಂತ್ರಗಳೊಂದಿಗೆ ಆಡುವ ಹವ್ಯಾಸ ಎಷ್ಟೋ ಬಗೆಯಲ್ಲಿದೆ. ಗಿಡಕ್ಕೆ ನೀರುಣಿಸುವವರು, ನೀರಿನ ಟ್ಯಾಂಕಿನ ಮಟ್ಟ ನೋಡುವವರು, ದೀಪದ ಬಣ್ಣ ಬದಲಿಸುವವರು ಎಲ್ಲರೂ ಅದರಲ್ಲಿದ್ದಾರೆ. ಅವರೆಲ್ಲರಿಗಿಂತ ಹೆಚ್ಚು ಕಲಿಯುವವರು ತಮ್ಮ ಮೈಯನ್ನೇ ಅಳೆಯಲು ಹೊರಟವರು. ಟ್ಯಾಂಕ್ ತುಂಬಿತೋ ಇಲ್ಲವೋ ಎಂದು ಇಣುಕಿ ನೋಡಿದರೆ ಮುಗಿಯಿತು. ಬೆವರಿಗೆ ತಕ್ಕ ಅಂಕಿ ಬಂತೋ ಇಲ್ಲವೋ ಎಂದು ತಿಳಿಯಲು ಮಾತ್ರ ಅಂಕಿ ಹುಟ್ಟುವ ಜಾಗದವರೆಗೂ ಹೋಗಬೇಕು.

ಫ್ಲೈವೀಲ್ ಸೈಕಲ್ಲು ನಮ್ಮ ಕಡೆ ಕಾಣಸಿಗದು. ಆದರೆ ಹೊಸ ವರ್ಷದ ಹುಮ್ಮಸ್ಸಿನಲ್ಲಿ ಮನೆಗೆ ಬಂದು, ಯುಗಾದಿಯ ಹೊತ್ತಿಗೆ ಟವೆಲ್ ಒಣಹಾಕುವ ಕೆಲಸಕ್ಕೆ ಬಡ್ತಿ ಪಡೆದ ಎಕ್ಸರ್‌ಸೈಜ್ ಸೈಕಲ್ಲುಗಳಿಗೆ ಬರವಿಲ್ಲ. ಕಲಿಕೆಗೆ ಇವೇ ಮೇಲು. ಹ್ಯಾಂಡಲ್ ಮೇಲಿನ ಕಪ್ಪು ಡಬ್ಬಿಯಿಂದ ಇಳಿಯುವ ಎರಡೆಳೆ ವೈರಿನ ಜಾಡು ಹಿಡಿದು ಹೋದರೆ ಹೆಚ್ಚಿನವುಗಳಲ್ಲಿ ಸಿಗುವುದು ಒಂದು ರೀಡ್ ಸ್ವಿಚ್: ಗಾಜಿನ ಕಿರುಕೊಳವೆ, ಒಳಗೆ ಲೋಹದ ಎರಡು ತೆಳು ಪಟ್ಟಿ. ಪೆಡಲಿನ ಪುಲ್ಲಿಗೆ ಅಂಟಿಸಿದ ಅಯಸ್ಕಾಂತ ಹತ್ತಿರ ಹಾದಾಗ ಪಟ್ಟಿಗಳು ಒಂದಕ್ಕೊಂದು ತಾಗುತ್ತವೆ. ವೇಗ, ದೂರ, ಕ್ಯಾಲೊರಿ ಎಂದು ಡಬ್ಬಿ ತೋರಿಸುವುದೆಲ್ಲ ಈ ಒಂದೇ ಒಂದು ತಾಗುವಿಕೆಯಿಂದ ಹುಟ್ಟಿದ್ದು.

ಆ ಡಬ್ಬಿಯ ಜಾಗಕ್ಕೆ ಬರುವುದು ಇಎಸ್‌ಪಿ32. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಈ ಬೋರ್ಡಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಇವೆ. ಇದರ ಅಣ್ಣ ಇಎಸ್‌ಪಿ8266. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಆ ಚಿಪ್ 2014ರಲ್ಲಿ ಅಗ್ಗದ ವೈಫೈ ಬೋರ್ಡಾಗಿ ಹೊರಜಗತ್ತಿಗೆ ಬಂದಾಗ ಅದರ ಕೈಪಿಡಿಯೆಲ್ಲ ಚೀನೀ ಭಾಷೆಯಲ್ಲಿತ್ತು. ಆ ಬೆಲೆಗೆ ವೈಫೈ ಸಿಗುತ್ತದೆಂದರೆ ಯಾರು ಬಿಟ್ಟಾರು? ದೇಶದೇಶಗಳ ಹವ್ಯಾಸಿಗಳೇ ಸೇರಿ ಆ ಹಾಳೆಗಳನ್ನು ಅನುವಾದಿಸಿದರು, ತಪ್ಪು ಹುಡುಕಿದರು, ತಮಗೆ ಪರಿಚಿತವಾದ ಆರ್ಡುಯಿನೊ ತಂತ್ರಾಂಶದಿಂದಲೇ ಅದನ್ನು ನಡೆಸುವ ದಾರಿ ಮಾಡಿದರು. ಬ್ಲೂಟೂತ್ ಸೇರಿಸಿಕೊಂಡ ಇಎಸ್‌ಪಿ32 ಬಂದದ್ದು 2016ರಲ್ಲಿ.

ಜೋಡಣೆ ಸುಲಭ. ವೈರಿನ ಒಂದೆಳೆ ಗ್ರೌಂಡ್ ಪಿನ್ನಿಗೆ, ಇನ್ನೊಂದು ಇನ್‌ಪುಟ್ ಪಿನ್ನಿಗೆ. ಸ್ವಿಚ್ ತೆರೆದಿದ್ದಾಗ ಪಿನ್ನನ್ನು ಸ್ಥಿರವಾಗಿಡಲು ಚಿಪ್ಪಿನೊಳಗೇ ಇರುವ ಪುಲ್‌ಅಪ್ ರೆಸಿಸ್ಟರನ್ನು ಚಾಲೂ ಮಾಡಿದರೆ ಬೇರೆ ಬಿಡಿಭಾಗ ಬೇಕಿಲ್ಲ. ಒಂದು ಕಿವಿಮಾತು: 34ರಿಂದ 39ರವರೆಗಿನ ಪಿನ್ನುಗಳಲ್ಲಿ ಆ ಪುಲ್‌ಅಪ್ ಇಲ್ಲ. ಹೊಸಬರು ಕೈಗೆ ಸಿಕ್ಕ ಪಿನ್ ಹಿಡಿದು, ತುಳಿಯದಿದ್ದಾಗಲೂ ಸೈಕಲ್ಲು ಓಡುತ್ತಿದೆ ಎಂದು ಬೆರಗಾಗುವುದು ಇಲ್ಲೇ.

ಸರಿಯಾದ ಪಿನ್ ಹಿಡಿದ ಮೇಲೂ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಒಂದು ಸುತ್ತು ತುಳಿದರೆ ಪರದೆಯಲ್ಲಿ ಮೂರು, ನಾಲ್ಕು. ಲೋಹದ ಪಟ್ಟಿ ತಾಗಿದ ಕೂಡಲೇ ಸುಮ್ಮನಾಗುವುದಿಲ್ಲ. ಒಂದೆರಡು ಮಿಲಿಸೆಕೆಂಡ್ ಪುಟಿಯುತ್ತದೆ, ಚಿಪ್ಪು ಆ ಪ್ರತಿಯೊಂದು ಪುಟಿತವನ್ನೂ ನಿಷ್ಠೆಯಿಂದ ಎಣಿಸುತ್ತದೆ. ಮದ್ದು ಸರಳ. ನಿಮಿಷಕ್ಕೆ 120 ಸುತ್ತಿನ ಬಿರುಸಿನಲ್ಲಿ ತುಳಿದರೂ ಒಂದು ಸುತ್ತಿಗೆ 500 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಒಂದು ಎಣಿಕೆಯಾದ ಮೇಲೆ 100 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡಿರು ಎಂದು ಚಿಪ್ಪಿಗೆ ಹೇಳಿದರಾಯಿತು. ಪುಸ್ತಕದಲ್ಲಿ ಒಂದು ಪ್ಯಾರಾದಲ್ಲಿ ಮುಗಿಯುವ ವಿಷಯ ಇದು, ಆದರೆ ಸ್ವಂತ ಕಾಲು ತುಳಿದದ್ದು ಒಂದು, ಪರದೆ ಹೇಳಿದ್ದು ನಾಲ್ಕು ಎಂದಾಗ ಹತ್ತುವ ಪಾಠವೇ ಬೇರೆ.

ಇನ್ನೊಂದು ಮೋಜಿನ ತೊಡಕು ಬ್ಲೂಟೂತ್‌ನದು. ಸೈಕಲ್ಲಿನ ವೇಗ ಮತ್ತು ಪೆಡಲ್ ಸುತ್ತುಗಳನ್ನು ಹೇಳಲು ಬ್ಲೂಟೂತ್‌ನಲ್ಲಿ ಒಂದು ಗೊತ್ತಾದ ಕ್ರಮವಿದೆ. ಅದರ ಪ್ರಕಾರ ಸಮಯವನ್ನು ಸೆಕೆಂಡಿನ 1,024ನೇ ಒಂದು ಭಾಗದಲ್ಲಿ ಅಳೆದು, 16 ಬಿಟ್‌ಗಳಲ್ಲಿ ಕಳಿಸಬೇಕು. 16 ಬಿಟ್‌ಗಳಿಗೆ 65,535ರ ಆಚೆ ಎಣಿಸಲು ಬರುವುದಿಲ್ಲ. ಅಂದರೆ 64 ಸೆಕೆಂಡಿಗೊಮ್ಮೆ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಅಂಗಡಿಯ ಆಪ್‌ಗಳಿಗೆ ಇದು ಗೊತ್ತು. ಪರದೆಯನ್ನೂ ತಾವೇ ಮಾಡುತ್ತೇವೆ ಎಂಬ ಹಠದವರಿಗೆ ಮಾತ್ರ ನಿಮಿಷಕ್ಕೊಮ್ಮೆ ಋಣಾತ್ಮಕ ವೇಗ ಕಾಣಿಸುತ್ತದೆ. ಹಿಂದಿನ ಸಮಯವನ್ನು ಈಗಿನದರಿಂದ ಕಳೆಯುವಾಗ ಉತ್ತರವನ್ನು ಚಿಹ್ನೆಯಿಲ್ಲದ 16 ಬಿಟ್ ಸಂಖ್ಯೆಯಾಗಿಯೇ ಇಟ್ಟುಕೊಂಡರೆ ರೋಗ ವಾಸಿ. ಕಂಪ್ಯೂಟರಿನೊಳಗೆ ಸಂಖ್ಯೆಗಳು ಹೇಗೆ ಕೂರುತ್ತವೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಷ್ಟು ಮಾಡಿದವರಿಗೆ ಹಳೆಯ ಕಪ್ಪು ಡಬ್ಬಿಯ ಮೇಲಿದ್ದ ಗೌರವ ಅರ್ಧಕ್ಕರ್ಧ ಇಳಿದಿರುತ್ತದೆ. ಅದು ತೋರಿಸುವ ಕಿಲೋಮೀಟರ್ ಎಂದರೆ ಸುತ್ತಿನ ಎಣಿಕೆಗೆ ಕಂಪನಿ ಗುಣಿಸಿದ ಒಂದು ಸಂಖ್ಯೆ ಅಷ್ಟೆ. ಕ್ಯಾಲೊರಿಯದು ಇನ್ನೂ ದೊಡ್ಡ ಬುರುಡೆ. ಯಾರು ಬೇಕಾದರೂ ಪರೀಕ್ಷಿಸಬಹುದು: ಪೆಡಲಿನ ಬಿಗಿ ಹೊಂದಿಸುವ ನಾಬ್ ಸಡಿಲ ಮಾಡಿ ಐದು ನಿಮಿಷ ತುಳಿಯಿರಿ, ಆಮೇಲೆ ಬಿಗಿ ಮಾಡಿ ಅದೇ ವೇಗದಲ್ಲಿ ಐದು ನಿಮಿಷ ತುಳಿಯಿರಿ. ಎರಡನೆಯ ಸಲ ಉಸಿರು ಕಿತ್ತು ಬರುತ್ತದೆ. ಡಬ್ಬಿಯ ಕ್ಯಾಲೊರಿ ಮೊದಲಿನಷ್ಟೇ ಏರುತ್ತದೆ. ನಾಬಿನಿಂದ ಚಕ್ರವನ್ನು ತಡೆಯುವ ಅಯಸ್ಕಾಂತಕ್ಕೆ ಹೋಗುವುದು ಬರೀ ತಂತಿ, ಅದು ಎಷ್ಟು ಬಿಗಿಯಾಗಿದೆ ಎಂದು ಡಬ್ಬಿಗೆ ತಿಳಿಯುವ ದಾರಿಯೇ ಇಲ್ಲ.

ನಿಜವಾದ ಶ್ರಮ ಅಳೆಯಬೇಕೆಂದರೆ ಪೆಡಲಿನ ಮೇಲೆ ಬಿದ್ದ ಬಲವೂ ಗೊತ್ತಾಗಬೇಕು. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಕಟ್ಟಿದ್ದು ಇದಕ್ಕಾಗಿಯೇ. ಪೆಡಲುಗಳು ಕೂತಿರುವ ಕ್ರ್ಯಾಂಕ್ ಎಷ್ಟು ಬಾಗುತ್ತದೆ ಎಂಬುದನ್ನು ಸ್ಟ್ರೇನ್ ಗೇಜ್‌ಗಳಿಂದ ಅಳೆಯುವ ಉಪಾಯ ಅದು. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೂ ಅದೇ ತತ್ವದ್ದು, ಅದರ ಲೋಡ್‌ಸೆಲ್ ಮತ್ತು ಎಚ್‌ಎಕ್ಸ್711 ಬೋರ್ಡ್ ಎಸ್.ಪಿ. ರೋಡಿನಲ್ಲೂ ಸಿಗುತ್ತವೆ. ತಿರುಗುವ ಕ್ರ್ಯಾಂಕಿನ ಮೇಲೆ ಅದನ್ನು ಕೂರಿಸುವುದು ಮಾತ್ರ ಹುಡುಗಾಟವಲ್ಲ. ವಾಟ್ ಸಿಕ್ಕಿತೆಂದರೆ ಲೆಕ್ಕ ಸುಲಭ. ಒಂದು ಗಂಟೆ 100 ವಾಟ್‌ನಲ್ಲಿ ತುಳಿದರೆ 360 ಕಿಲೋಜೂಲ್ ಕೆಲಸ. ಸೈಕಲ್ ತುಳಿಯುವಾಗ ಮೈ ಸುಡುವ ಶಕ್ತಿಯಲ್ಲಿ ನೂರಕ್ಕೆ 20ರಿಂದ 25ರಷ್ಟು ಮಾತ್ರ ಪೆಡಲಿಗೆ ತಲುಪಿ ಉಳಿದದ್ದು ಶಾಖವಾಗುವುದರಿಂದ, ಖರ್ಚು ಸುಮಾರು 350ರಿಂದ 430 ಕಿಲೋಕ್ಯಾಲೊರಿ. ಎರಡು ಮಸಾಲೆ ದೋಸೆಯ ಆಸೆಗೆ ಇದು ಸಾಲದು.

ದುಬಾರಿ ವಾಚುಗಳು ಇದಕ್ಕಿಂತ ಮೇಲಲ್ಲವೇ ಎಂದರೆ, ಹೌದು, ಇಲ್ಲ ಎರಡೂ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಗೆ ಏಳು ಬಗೆಯ ಮಣಿಕಟ್ಟಿನ ಸಾಧನಗಳನ್ನು ತೊಡಿಸಿ ಪರೀಕ್ಷಿಸಿದರು. ಹೃದಯ ಬಡಿತವನ್ನು ಆರು ಸಾಧನಗಳು ನೂರಕ್ಕೆ ಐದರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಉತ್ತಮವೆನಿಸಿದ್ದೇ ಸರಾಸರಿ ನೂರಕ್ಕೆ 27 ತಪ್ಪಿತು, ಕೊನೆಯದು 93. ವಾಚಿನ ಬಡಿತವನ್ನು ನಂಬಿ, ಕ್ಯಾಲೊರಿಯನ್ನು ನೋಡಲೇಬೇಡಿ.

ಬಡಿತವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ವಾಚಿನ ಬೆನ್ನಿನ ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಏರಿಳಿದಂತೆ ಮರಳುವ ಬೆಳಕೂ ಏರಿಳಿಯುತ್ತದೆ. ಕೈ ಬೀಸಿ ಓಡುವಾಗ ಆ ಬೀಸುವಿಕೆಯೂ ಬೆಳಕನ್ನು ಅಲುಗಿಸುತ್ತದೆ, ಆಗ ಕೆಲವೊಮ್ಮೆ ವಾಚು ಹೃದಯವನ್ನು ಬಿಟ್ಟು ಹೆಜ್ಜೆಯನ್ನೇ ಎಣಿಸತೊಡಗುತ್ತದೆ. ಕಬ್ಬನ್ ಪಾರ್ಕಿನಲ್ಲಿ ಹಾಯಾಗಿ ಓಡುತ್ತಿರುವವರಿಗೆ ಬಡಿತ 170 ಎಂದು ತೋರಿಸಿದರೆ ಗಾಬರಿಯಾಗುವ ಮೊದಲು ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತಿದೆ ಎಂದು ಎಣಿಸುವುದು ಒಳ್ಳೆಯದು. ಮ್ಯಾಕ್ಸ್30102 ಎಂಬ ಅಗ್ಗದ ಸಂವೇದಕದ ಮೇಲೆ ಬೆರಳಿಟ್ಟು ಅಲೆ ಏಳುವುದನ್ನು ಒಮ್ಮೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆರಳನ್ನು ಜೋರಾಗಿ ಒತ್ತಿದರೆ ರಕ್ತದ ಹರಿವೇ ತಡೆದು ಅಲೆ ಮಲಗಿಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿಗೆ ಈ ತಾಪತ್ರಯ ಕಡಿಮೆ, ಅದು ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ ತಂತಿಯಿಲ್ಲದ ಇಂಥ ಮಾಪಕವನ್ನು 1982ರಲ್ಲೇ ಮಾರುಕಟ್ಟೆಗೆ ಬಿಟ್ಟಿತ್ತು. ಇವತ್ತಿಗೂ ಹಣ ಹಾಕುವುದಾದರೆ ಎದೆಪಟ್ಟಿಗೇ ಹಾಕಬೇಕು.

ದಿನಕ್ಕೆ 10,000 ಹೆಜ್ಜೆಯ ವ್ರತ ಹಿಡಿದವರಿಗೆ ಒಂದು ಮಾಹಿತಿ. ಆ ಸಂಖ್ಯೆ ಬಂದದ್ದು ವೈದ್ಯಕೀಯ ಸಂಶೋಧನೆಯಿಂದಲ್ಲ, 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದ ಪ್ರಚಾರದಿಂದ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸರಾಸರಿ 72 ವಯಸ್ಸಿನ 16,741 ಮಹಿಳೆಯರಲ್ಲಿ ಸುಮಾರು 4,400 ಹೆಜ್ಜೆ ನಡೆದವರಲ್ಲೇ ತೀರ ಕಡಿಮೆ ನಡೆದವರಿಗಿಂತ ಸಾವಿನ ಅಪಾಯ ಕಡಿಮೆ ಇದ್ದದ್ದು ಕಂಡಿತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಅಲ್ಲದೆ ಹೆಜ್ಜೆ ಎಣಿಸುವ ಸಂವೇದಕಕ್ಕೆ ತಿಳಿಯುವುದು ಅಲುಗಾಟ ಮಾತ್ರ. ನಮ್ಮ ರಸ್ತೆಯ ಗುಂಡಿಗಳಲ್ಲಿ ಆಟೊ ಏರಿ ಹೋದರೂ ಅದು ಒಂದಷ್ಟು ಪುಣ್ಯ ಖಾತೆಗೆ ಸೇರಿಸುತ್ತದೆ.

ಅಳೆದದ್ದನ್ನೆಲ್ಲ ಎಲ್ಲಿಡಬೇಕು? ಮನೆಯಲ್ಲೇ. ಹೊರಗೆ ಹೋದರೆ ಏನಾಗುತ್ತದೆ ನೋಡಿ. 2018ರ ಜನವರಿಯಲ್ಲಿ ಸ್ಟ್ರಾವಾ ಆಪ್‌ನ ಓಟಗಾರರ ಜಾಡಿನ ನಕ್ಷೆಯನ್ನು ನೋಡಿದ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಮರುಭೂಮಿಯ ಸೇನಾನೆಲೆಗಳನ್ನೇ ಗುರುತಿಸಿದ. ಮನೆಯೊಳಗೆ ಸುದ್ದಿ ಸಾಗಿಸಲು ಹವ್ಯಾಸಿಗಳ ಮೆಚ್ಚಿನ ವಾಹನ ಎಂಕ್ಯೂಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ತೈಲದ ಕೊಳವೆ ಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ರೂಪಿಸಿದ ಪದ್ಧತಿ ಅದು. ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಅದನ್ನೇ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ತಮ್ಮ ಮನೆಯ ಇಲಿಬೋನಿಗೂ ಹಾಕಿದರು, ಇಲಿ ಬಿದ್ದರೆ ಸಂದೇಶ ಬರುತ್ತಿತ್ತು. ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶವನ್ನು ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದರೆ ಪೆಡಲಿನ ಲೆಕ್ಕ, ಎದೆಬಡಿತ, ನಿದ್ದೆಯ ಹೊತ್ತು ಎಲ್ಲವೂ ಊರ ಹೊರಗೆ ಹೋಗದೆ ಅಲ್ಲೇ ಕೂರುತ್ತವೆ.

ಕಲಿಯಲು ದಾರಿಗಳು ಬೇಕಾದಷ್ಟಿವೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಬಿಟ್ಟಿ. ಬಾಂಬೆ ಐಐಟಿಯಲ್ಲಿ ಹುಟ್ಟಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದಲ್ಲೂ ತಂತ್ರಾಂಶದ ಪಾಠಗಳಿವೆ. ಆದರೆ ಕೋರ್ಸಿನಿಂದ ಶುರುಮಾಡಿದವರು ಬಹಳ ಸಲ ಎಲ್‌ಇಡಿ ಮಿನುಗಿಸುವಲ್ಲಿಗೇ ನಿಂತುಬಿಡುತ್ತಾರೆ. ಮೊದಲು ಸೈಕಲ್ಲಿನ ಮುಚ್ಚಳ ಬಿಚ್ಚಿ, ಎಲ್ಲಿ ಸಿಕ್ಕಿಕೊಂಡಿರೋ ಆ ಒಂದು ಪಾಠವನ್ನಷ್ಟೇ ಹುಡುಕಿ ನೋಡಿ.

ಎದೆಯ ವಿದ್ಯುತ್ ಹಿಡಿಯುವ ಎಡಿ8232 ಬೋರ್ಡು ತರುವವರಿಗೆ ಒಂದು ಎಚ್ಚರಿಕೆ ಮಾತ್ರ. ಅದರ ತಂತಿಗಳು ಮೈಗೆ ಅಂಟಿರುವಾಗ ಬೋರ್ಡನ್ನು ಬ್ಯಾಟರಿಯಿಂದಷ್ಟೇ ನಡೆಸಬೇಕು. ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪಿಗೆ ಜೋಡಿಸಬಾರದು, ಅಂಕಿಗಳನ್ನು ವೈಫೈ ಮೂಲಕವೇ ಕಳಿಸಿಕೊಳ್ಳಬೇಕು. ಎದೆನೋವು ಬಂದರೆ ಆ ಅಲೆಯನ್ನು ನೋಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.