ಪಟ್ಟಿಯಲ್ಲಿ ಇಲ್ಲದ ಗೆಳೆಯ

ನವೋಕಿ ಉರಸಾವ ಅವರ ‘ಟ್ವೆಂಟಿಯತ್ ಸೆಂಚುರಿ ಬಾಯ್ಸ್’ ಉತ್ತರಭಾಗವೂ ಸೇರಿ 24 ಸಂಪುಟಗಳ ಜಪಾನಿ ಕಾಮಿಕ್ಸ್. ಲೋಕವನ್ನೇ ಮುಗಿಸಹೊರಟ ಪಂಥ, ರೋಗಾಣು, ದೈತ್ಯ ರೋಬಾಟ್ ಎಲ್ಲವನ್ನೂ ದಾಟಿದ ಕಥೆ ಕೊನೆಗೆ ಬಂದು ನಿಲ್ಲುವುದು ಮಕ್ಕಳು ಮಿಠಾಯಿ ಕೊಳ್ಳುವ ಒಂದು ಸಣ್ಣ ಅಂಗಡಿಯ ಮುಂದೆ. ಅಲ್ಲಿ ಕೆಂಜಿ ಎಂಬ ಹುಡುಗ ಒಂದು ಬ್ಯಾಡ್ಜ್ ಕದ್ದಿದ್ದ. ಕಳ್ಳನೆಂಬ ಹೆಸರು ಇನ್ನೊಬ್ಬನಿಗೆ ಬಂತು. ಅಂದಿನಿಂದ ಆ ಹುಡುಗ ಓರಗೆಯವರ ಪಾಲಿಗೆ ಸತ್ತವನೇ ಆದ. ಕೆಂಜಿ ಬಾಯಿ ಬಿಡಲಿಲ್ಲ. ಆಮೇಲೆ ಮರೆತೂ ಬಿಟ್ಟ. ಕೊನೆಯನ್ನು ಮೊದಲೇ ಹೇಳಿದ್ದಕ್ಕೆ ಓದದವರು ಬೇಸರಿಸಬಾರದು. ಈ ಕೃತಿಯ ತೂಕ ಇರುವುದೇ ಅಲ್ಲಿ.

ಉತ್ತರಭಾಗವೂ ಸೇರಿ 1999ರಿಂದ 2007ರವರೆಗೆ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ಎಂಬ ವಯಸ್ಕರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ ಇದು. ದೊಡ್ಡವನಾದ ಕೆಂಜಿ, ಕಾಣೆಯಾದ ಅಕ್ಕನ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅಂಗಡಿ ನಡೆಸುತ್ತಾನೆ. ಗೆಳೆಯನೊಬ್ಬನ ಮದುವೆಯಲ್ಲಿ, ಸಹಪಾಠಿಗಳ ಕೂಟದಲ್ಲಿ ಹಳೆಯ ಹುಡುಗರು ಮತ್ತೆ ಸೇರುತ್ತಾರೆ. ಬಯಲಲ್ಲಿ ಹುಲ್ಲಿನ ಗೂಡು ಕಟ್ಟಿ ಆಡುವಾಗ ತಾವೇ ಮಾಡಿಕೊಂಡಿದ್ದ ಗುರುತು ಈಗ ಯಾವುದೋ ಪಂಥದ ಲಾಂಛನವಾಗಿದೆ. ಅದರ ನಾಯಕನನ್ನು ಜನ ‘ಫ್ರೆಂಡ್’ ಎನ್ನುತ್ತಾರೆ. ಅವನು ನಮ್ಮಲ್ಲೇ ಒಬ್ಬ; ಆದರೆ ಯಾರು? ಒಬ್ಬನಿಗೆ ನೆನಪಿರುವ ಮುಖ ಇನ್ನೊಬ್ಬನಿಗೆ ನೆನಪಿಲ್ಲ. ಮೊದಲ ಸಂಪುಟಗಳ ದಿಗಿಲು ಹುಟ್ಟುವುದು ಇಲ್ಲಿಂದ. ರಕ್ತಪಾತಕ್ಕಿಂತ ಹೆಚ್ಚಾಗಿ, ತನ್ನ ನೆನಪನ್ನೇ ನಂಬಲಾಗದ ಗೆಳೆಯರ ಮುಖಗಳು ಹೆದರಿಸುತ್ತವೆ.

ನಡುವೆ ಉರಸಾವ ಈ ಹಿಡಿತ ಕಳೆದುಕೊಳ್ಳುತ್ತಾರೆ. ಮುಖವಾಡದ ಹಿಂದೆ ಮತ್ತೊಂದು ಮುಖವಾಡ ಬಂದಂತೆ ಕಥೆ ಬರೀ ಒಗಟಾಗುತ್ತದೆ. ಆ ಬ್ಯಾಡ್ಜ್ ಇಲ್ಲದಿದ್ದರೆ ನಾನು ಇದನ್ನು ಜಾಣ ಪತ್ತೇದಾರಿ ಎಂದಷ್ಟೇ ಕರೆಯುತ್ತಿದ್ದೆ.

ಇನಿಯೊ ಅಸಾನೊ ಅವರ ‘ಗುಡ್‌ನೈಟ್ ಪುನ್‌ಪುನ್’ (2007–2013, 13 ಸಂಪುಟ) ಇನ್ನೂ ಆಳಕ್ಕೆ ಇಳಿಯುತ್ತದೆ. ಫೋಟೊಗಳನ್ನು ಆಧರಿಸಿ ಬಿಡಿಸಿದ ಬೀದಿಗಳಲ್ಲಿ ವಿದ್ಯುತ್ ತಂತಿ, ಹೆಂಚು, ಗೋಡೆಯ ಕಲೆ ಒಂದೂ ತಪ್ಪಿಲ್ಲ. ಆ ಬೀದಿಗಳ ನಡುವೆ ನಾಯಕ ಮಾತ್ರ ಮಗು ಗೀಚಿದಂಥ ಒಂದು ಹಕ್ಕಿ. ಅವನ ಮುಖವೇ ನಮಗೆ ಕಾಣದ್ದರಿಂದ ಆ ಜಾಗದಲ್ಲಿ ನಮ್ಮ ಮುಖವನ್ನೇ ಇಟ್ಟುಕೊಂಡು ಓದಬೇಕಾಗುತ್ತದೆ. ಐಕೊ ಎಂಬ ಹುಡುಗಿಯ ಜೊತೆ ಊರು ಬಿಟ್ಟು ಹೋಗುವೆನೆಂದು ಅವನು ಚಿಕ್ಕಂದಿನಲ್ಲಿ ಮಾತು ಕೊಟ್ಟಿರುತ್ತಾನೆ, ಹೋಗುವುದಿಲ್ಲ. ಇಪ್ಪತ್ತರ ಹೊತ್ತಿಗೆ ಇಬ್ಬರೂ ಮತ್ತೆ ಸಿಗುತ್ತಾರೆ. ಆ ಹಳೆಯ ಮಾತನ್ನು ಈಗಲಾದರೂ ತೀರಿಸಹೋಗಿ ಇಬ್ಬರೂ ಕೊಲೆಗೆ, ಪಲಾಯನಕ್ಕೆ, ಸಾವಿಗೆ ಬಂದು ಮುಟ್ಟುತ್ತಾರೆ. ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ. ಅಸಾನೊ ನೋವಿನ ಮೇಲೆ ನೋವು ಹೇರುವ ಕಡೆ ನನಗೆ ತಕರಾರಿದೆ. ಓದುವವನ ಮನಸ್ಸು ಮರಗಟ್ಟುತ್ತದೆ. ಆದರೆ ಕೊನೆಯ ಅಧ್ಯಾಯ ಅಪೂರ್ವವಾದುದು. ಬಾಲ್ಯದಲ್ಲೇ ಬೇರೆ ಊರಿಗೆ ಹೋಗಿದ್ದ ಹರುಮಿ ಈಗ ಶಾಲಾ ಮೇಷ್ಟ್ರು. ಅವನಿಗೆ ಅಕಸ್ಮಾತ್ ಪುನ್‌ಪುನ್ ಸಿಗುತ್ತಾನೆ. ಅಷ್ಟು ಸಂಪುಟ ನಾವು ಯಾರ ಒಳಗನ್ನು ಹೊಕ್ಕು ನೋಡಿದ್ದೆವೋ ಅವನ ಹೆಸರೇ ಹರುಮಿಗೆ ನೆನಪಾಗುವುದಿಲ್ಲ.

ಕನ್ನಡಕ್ಕೆ ಈ ಕಸಿವಿಸಿ ಹೊಸದಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬೈಯ ಕಾರ್ಪೊರೇಟ್ ಲೋಕದ ಕಾದಂಬರಿ. ಆದರೂ ನಾಗಪ್ಪನನ್ನು ಕಾಡುವವರಲ್ಲಿ ಊರಿನ ಕಾಲದಿಂದ ಅವನನ್ನು ಬಲ್ಲ ಶ್ರೀನಿವಾಸನೂ ಇದ್ದಾನೆ. ಚಿಕ್ಕಂದಿನಲ್ಲಿ ನಮ್ಮನ್ನು ಕಂಡವನ ಕೈಯಲ್ಲಿ ನಮ್ಮದೊಂದು ಲೆಕ್ಕ ಉಳಿದಿರುತ್ತದೆ ಎಂಬ ಭಯವನ್ನು ಚಿತ್ತಾಲರು ಬಲ್ಲವರಾಗಿದ್ದರು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಹೋಗುವುದು ಬೀದರ್ ಜಿಲ್ಲೆಯ ಸ್ನೇಹ ಸಮ್ಮಿಲನಗಳ ಕಡೆಗೆ. ರಜೆಯ ಒಂದು ಭಾನುವಾರ ಹೈದರಾಬಾದ್, ಪುಣೆ, ಬೆಂಗಳೂರಿನಿಂದ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಊರಿಗೆ ಬರುತ್ತಾರೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ನಿವೃತ್ತ ಗುರುಗಳಿಗೆ ಶಾಲು, ಹಾರ, ಕೊನೆಗೆ ಗ್ರೂಪ್ ಫೋಟೊ. ‘ಗುರುತು ಸಿಕ್ತೇನೋ ದೋಸ್ತ’ ಎಂದು ಹೆಗಲಿಗೆ ಕೈ ಹಾಕುವ ಪ್ರೀತಿ ನಿಜವಾದದ್ದು. ಗುರುವಂದನೆಯೂ ಬರೀ ಶಿಷ್ಟಾಚಾರವಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಭಾಲ್ಕಿಯಲ್ಲಿ ಮೇಷ್ಟ್ರ ಕಾಲು ಮುಟ್ಟುವುದಕ್ಕೆ ಒಂದು ಚರಿತ್ರೆಯೇ ಇದೆ.

ಆದರೆ ಈ ಕೂಟಗಳಿಗೆ ಕರೆಯುವವರ ಪಟ್ಟಿ ತಯಾರಾಗುವುದು ಹತ್ತನೇ ತರಗತಿಯ ಹಾಜರಿ ಪುಸ್ತಕದಿಂದ. ನಮ್ಮ ಬಾಲ್ಯ ಅದಕ್ಕಿಂತ ಬಹಳ ಮುಂಚಿನದು. ಔರಾದ, ಕಮಲನಗರದ ಕಡೆ ಒಂದೇ ಊರಿನ ಮಕ್ಕಳು ಕೆಲವರು ಕನ್ನಡ ಶಾಲೆಗೆ, ಕೆಲವರು ಮರಾಠಿಗೆ, ಕೆಲವರು ಉರ್ದುವಿಗೆ ಹೋಗುತ್ತಾರೆ. ಬೀದರಿನ ಹಳೇ ಊರಿನಲ್ಲಿ ಚೌಬಾರಾದ ಸುತ್ತಲ ಓಣಿಗಳಲ್ಲಿ ಸಂಜೆ ಒಂದೇ ಚೆಂಡಿನ ಹಿಂದೆ ಓಡಿದವರು ಬೆಳಗ್ಗೆ ಬೇರೆ ಬೇರೆ ಬೆಂಚಿನ ಮೇಲೆ ಕೂತವರು. ಅವರು ಯಾವ ಬ್ಯಾಚಿಗೂ ಸೇರುವುದಿಲ್ಲ. ಅಪ್ಪ ಅಮ್ಮನ ಜೊತೆ ಕೂಲಿಗೆ ವಲಸೆ ಹೋಗಿ ನಡುವೆಯೇ ಶಾಲೆ ಬಿಟ್ಟ ತಾಂಡಾದ ಹುಡುಗನಿಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಜಾಗವಿಲ್ಲ. ಅಡ್ಡಹೆಸರು ಇಟ್ಟು ನಾವು ಅಳಿಸಿದವನು, ಜಾತಿ ಹಿಡಿದು ದೂರ ಕೂರಿಸಿದವನು ಕರೆದರೂ ಬರದಿರಬಹುದು. ವೇದಿಕೆಯ ಮೇಲೆ ಹೇಳುವ ನೆನಪುಗಳಲ್ಲಿ ಮೇಷ್ಟ್ರ ಬೆತ್ತ ಬರುತ್ತದೆ, ನಾವೇ ಒಬ್ಬರಿಗೊಬ್ಬರು ಕೊಟ್ಟ ಪೆಟ್ಟು ಬರುವುದಿಲ್ಲ. ಉರಸಾವನ ಖಳನಾಯಕ ಹುಟ್ಟಿದ್ದು ಇಂಥ ಮೌನದಿಂದಲೇ. ನಮ್ಮಲ್ಲಿ ಅವನು ಲೋಕ ನಾಶಮಾಡಲು ಹೊರಡುವುದಿಲ್ಲ. ಹೈದರಾಬಾದಿನ ಯಾವುದೋ ಕಟ್ಟಡದಲ್ಲಿ ಗಾರೆ ಕಲಸುತ್ತ, ಯಾರಿಗೂ ಏನೂ ಹೇಳದೆ ಇರುತ್ತಾನೆ.

ಜಪಾನಿನ ಈ ಎರಡು ಕೃತಿಗಳನ್ನು ನಾನು ಮೆಚ್ಚುವುದು ಅವು ಹೆದರಿಸುತ್ತವೆ ಎಂಬುದಕ್ಕಲ್ಲ. ಮರೆತವನಿಗೂ ಹೊಣೆಯಿದೆ ಎಂದು ಒಬ್ಬರು, ಮರೆವೇ ಸಹಜ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡನ್ನೂ ಸಿಹಿ ಮಾಡದೆ ಹೇಳುತ್ತಾರೆ. ನಾಲ್ಕು ಭಾಷೆ ಕೇಳುವ ಬೀದರಿನ ಓಣಿಗಳ ಬಾಲ್ಯವನ್ನು ಚಿತ್ರಕಥೆಯಲ್ಲೋ ಕಾದಂಬರಿಯಲ್ಲೋ ಇಷ್ಟೇ ನಿಷ್ಠುರವಾಗಿ ತರಬಲ್ಲ ತರುಣರು ಇಲ್ಲಿದ್ದಾರೆಂದು ನಂಬಿದ್ದೇನೆ. ಅಲ್ಲಿಯವರೆಗೆ ಸಮ್ಮಿಲನ ಏರ್ಪಡಿಸುವ ಗೆಳೆಯರಲ್ಲಿ ಒಂದು ಮನವಿ: ಮುಂದಿನ ಸಲ ಹತ್ತನೇ ತರಗತಿಯದನ್ನು ಬಿಟ್ಟು ಮೂರನೇ ತರಗತಿಯ ಹಾಜರಿ ಪುಸ್ತಕ ತೆಗೆಸಿ, ಪಕ್ಕದ ಮರಾಠಿ, ಉರ್ದು ಶಾಲೆಗಳದ್ದೂ ಕೇಳಿ ತರಿಸಿ, ಅದರಲ್ಲಿರುವ ಹೆಸರುಗಳನ್ನು ಹುಡುಕಿಕೊಂಡು ಹೋಗಿ ಕರೆಯಿರಿ.