ವಿದ್ಯಾಸಂಕ್ರಾಂತಿ: ‘ಸ್ಟೋನರ್’ ಕಾದಂಬರಿಯ ತರುಣ ಅಧ್ಯಾಪಕ

ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ ಜೀವಿಸುವವನ ದಿನಚರಿಯು ಕಥಾವಸ್ತುವಾಗಲು ತಕ್ಕುದಲ್ಲವೆಂಬ ಭಾವನೆಯು ಬಹುಕಾಲದಿಂದ ಬೇರೂರಿರುವುದು. ಅಲ್ಲಿ ಯುದ್ಧವಿಲ್ಲ, ದೇಶಾಟನವಿಲ್ಲ, ಸಂಪತ್ತಿನ ಮಹಾ ಏರಿಳಿತಗಳಿಲ್ಲ. ಗಂಟೆಯ ಸದ್ದು, ಸೀಮೆಸುಣ್ಣ, ತಿದ್ದಬೇಕಾದ ಕಾಗದದ ಕಟ್ಟುಗಳು ಇವಿಷ್ಟೇ ಇರುವುವು. ಈ ಭಾವನೆಯನ್ನು ಸಮರ್ಥವಾಗಿ ನಿರಾಕರಿಸುವ ಅರ್ವಾಚೀನ ಕೃತಿಗಳಲ್ಲಿ ಅಮೆರಿಕದ ಜಾನ್ ವಿಲಿಯಮ್ಸರು (1922–1994) 1965ರಲ್ಲಿ ಪ್ರಕಟಿಸಿದ ‘ಸ್ಟೋನರ್’ ಎಂಬ ಕಾದಂಬರಿಯು ಒಂದು. ಗ್ರಂಥಕರ್ತರು ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಡೆನ್ವರ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದವರು. ಮೊದಲ ಮುದ್ರಣದಲ್ಲಿ ಸುಮಾರು ಎರಡು ಸಾವಿರ ಪ್ರತಿಗಳಷ್ಟೇ ಮಾರಾಟವಾಗಿ ಮರೆಯಾಗಿದ್ದ ಈ ಗ್ರಂಥವು 2003 ಮತ್ತು 2006ರ ಪುನರ್ಮುದ್ರಣಗಳಿಂದಲೂ, 2011ರಲ್ಲಿ ಆನ್ನಾ ಗಾವಾಲ್ಡಾ ಅವರು ಮಾಡಿದ ಫ್ರೆಂಚ್ ಭಾಷಾಂತರದಿಂದಲೂ ಯೂರೋಪಿನಲ್ಲಿ ಮನೆಮಾತಾಯಿತು.

ಕಥೆಯ ಸಾರವು ಸ್ವಲ್ಪವೇ. ವಿಲಿಯಂ ಸ್ಟೋನರ್ ಎಂಬ ಬಡ ರೈತನ ಮಗನು ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1910ನೆಯ ಇಸವಿಯಲ್ಲಿ, ಕೃಷಿವಿದ್ಯೆಯನ್ನು ಕಲಿಯಲೆಂದು ಮಿಸೌರಿ ವಿಶ್ವವಿದ್ಯಾನಿಲಯವನ್ನು ಸೇರುತ್ತಾನೆ. ಬಂಧುಗಳ ಹೊಲದಲ್ಲಿ ದುಡಿದು ಅನ್ನವನ್ನೂ ವಸತಿಯನ್ನೂ ಸಂಪಾದಿಸಿಕೊಳ್ಳುತ್ತಾನೆ. ಆರ್ಚರ್ ಸ್ಲೋನ್ ಎಂಬ ಗುರುವು ಷೇಕ್ಸ್‌ಪಿಯರನ ಎಪ್ಪತ್ತಮೂರನೆಯ ಸಾನೆಟ್ಟಿನ ಅರ್ಥವೇನೆಂದು ಕೇಳಿದಾಗ ಅವನು ಉತ್ತರ ಹೇಳಲಾರದೆ ಹೋಗುತ್ತಾನೆ. ಆ ಮೌನದಲ್ಲಿಯೇ ಅವನ ಜೀವನವು ತಿರುಗುತ್ತದೆ. ಕೃಷಿಯನ್ನು ಬಿಟ್ಟು ಸಾಹಿತ್ಯವನ್ನು ಹಿಡಿದು, 1918ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಅಲ್ಲಿಯೇ ಉಪನ್ಯಾಸಕನಾಗಿ, 1956ರಲ್ಲಿ ಮೃತನಾಗುವವರೆಗೂ ಅಲ್ಲಿಯೇ ಪಾಠ ಹೇಳುತ್ತಾನೆ. ಸಹಾಯಕ ಪ್ರಾಧ್ಯಾಪಕ ಪದವಿಯಿಂದ ಮೇಲಕ್ಕೆ ಏರಲಿಲ್ಲವೆಂಬುದನ್ನೂ, ಅವನನ್ನು ನೆನೆಯುವವರು ವಿರಳವೆಂಬುದನ್ನೂ ಗ್ರಂಥದ ಮೊದಲ ಪುಟವೇ ಸಾರುತ್ತದೆ.

ಇದನ್ನು ಓದಿದವರಲ್ಲಿ ಹಲವರು ಇದು ಸೋತವನ ಕಥೆಯೆಂದು ನಿರ್ಣಯಿಸಿರುವರು. ದಾಂಪತ್ಯವು ವಿಫಲ, ಬಡ್ತಿಯು ಶೂನ್ಯ, ಬರೆದದ್ದು ಒಂದೇ ಪುಸ್ತಕ, ಪ್ರೇಮವು ಅಲ್ಪಾಯುಷಿ. ಆದಕಾರಣ ಜೀವನವೂ ವಿಫಲವೆಂಬುದು ಈ ಪೂರ್ವಪಕ್ಷದ ವಾದಸರಣಿ. ಗ್ರಂಥಕರ್ತರಿಗಾದರೋ ಈ ಅಭಿಪ್ರಾಯವು ಸಮ್ಮತವಾಗಿರಲಿಲ್ಲ; ತಮ್ಮ ನಾಯಕನು ನಿಜವಾದ ವೀರನೆಂದೇ ಅವರು ಸಂದರ್ಶನವೊಂದರಲ್ಲಿ ಹೇಳಿರುವರು. ಆದರೆ ಕವಿಯ ಅಭಿಪ್ರಾಯವು ಕಾವ್ಯಕ್ಕೆ ಪ್ರಮಾಣವಾಗಲಾರದು. ಕೃತಿಯ ಒಳಗಿನಿಂದಲೇ ಪ್ರಮಾಣವನ್ನು ತೆಗೆದು ತೋರಿಸಬೇಕಾಗಿದೆ.

ಈ ವಿಚಾರಕ್ಕೆ ನಮ್ಮವರು ಕೊಟ್ಟಿರುವ ಅಳತೆಗೋಲೊಂದು ಉಪಯೋಗಕ್ಕೆ ಬರುತ್ತದೆ. ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರಿಗೆ ಯಾರು ಮೇಲೆಂಬ ವಿವಾದವು ಹುಟ್ಟುತ್ತದೆ. ಆಗ ಪರಿವ್ರಾಜಿಕೆಯು ಒಂದು ವಿವೇಚನೆಯನ್ನು ಮುಂದಿಡುತ್ತಾಳೆ. ಕೆಲವರ ವಿದ್ಯೆಯು ಅವರಲ್ಲಿಯೇ ನೆಲಸಿ ಶೋಭಿಸುತ್ತದೆ. ಕೆಲವರಿಗೆ ಅದನ್ನು ಪರರಿಗೆ ದಾಟಿಸುವ ಸಾಮರ್ಥ್ಯವು ವಿಶೇಷ. ಎರಡೂ ಉಳ್ಳವನೇ ಗುರುಗಳಲ್ಲಿ ಅಗ್ರಗಣ್ಯನೆಂದು ಅವಳ ಮತ. ಹೀಗೆ ದಾಟಿಸುವುದಕ್ಕೆ ಕವಿಯು ಇಟ್ಟಿರುವ ಹೆಸರು ‘ಸಂಕ್ರಾಂತಿ’. ಒಂದು ರಾಶಿಯಿಂದ ಮತ್ತೊಂದಕ್ಕೆ ಸೂರ್ಯನು ದಾಟುವಂತೆ ವಿದ್ಯೆಯು ಒಬ್ಬನಿಂದ ಇನ್ನೊಬ್ಬನಿಗೆ ದಾಟಬೇಕು. ‘ಸ್ಟೋನರ್’ ಕಾದಂಬರಿಯ ನಿಜವಾದ ಕಥೆಯು ಈ ಸಂಕ್ರಾಂತಿಯ ಕಥೆಯೆಂಬುದು ನಮ್ಮ ಸಿದ್ಧಾಂತ. ಬಡ್ತಿ, ಕೀರ್ತಿ, ಗೃಹಸೌಖ್ಯ ಇವು ಅದಕ್ಕೆ ಹಿನ್ನೆಲೆ ಮಾತ್ರ.

ತರುಣ ಅಧ್ಯಾಪಕನ ಮೊದಲ ವರ್ಷಗಳನ್ನು ವಿಲಿಯಮ್ಸರು ಚಿತ್ರಿಸಿರುವ ಭಾಗವು ಈ ದೃಷ್ಟಿಯಿಂದ ಅತ್ಯಂತ ಬೆಲೆಯುಳ್ಳದ್ದು. ಸ್ಟೋನರನಿಗೆ ಮೊದಲು ದೊರೆತದ್ದು ಹೊಸ ವಿದ್ಯಾರ್ಥಿಗಳಿಗೆ ಪ್ರಬಂಧರಚನೆಯನ್ನು ಕಲಿಸುವ ಕೆಲಸ. ಅವನು ವ್ಯಾಕರಣದ ನಿಯಮಗಳಲ್ಲಿಯೂ ಒಂದು ಸೌಂದರ್ಯವನ್ನು ಕಾಣಬಲ್ಲವನು. ಪಾಠವನ್ನು ಸಿದ್ಧಪಡಿಸುವಾಗ ಅವನ ಮನಸ್ಸು ಬೆರಗಿನಿಂದ ತುಂಬಿರುತ್ತದೆ. ತರಗತಿಯಲ್ಲಿ ನಿಂತು ಬಾಯಿ ತೆರೆದೊಡನೆ ಆ ಬೆರಗೆಲ್ಲ ಇಂಗಿಹೋಗುತ್ತದೆ. ತನ್ನ ಧ್ವನಿಯೇ ತನಗೆ ನೀರಸವಾಗಿ ಕೇಳುತ್ತದೆ. ಅತ್ಯಂತ ಜೀವಂತವಾದದ್ದು ಮಾತಿನಲ್ಲಿ ಸತ್ತುಹೋಗುತ್ತದೆ. ವಿದ್ಯಾರ್ಥಿಗಳಲ್ಲಿ ದ್ವೇಷವಿಲ್ಲ, ಉತ್ಸಾಹವೂ ಇಲ್ಲ. ಪಾಠ ಹೇಳುವ ವೃತ್ತಿಗೆ ಹೊಸಬರಾದವರೆಲ್ಲರೂ ಈ ಸಂಕಟವನ್ನು ಬಲ್ಲರು. ಆದರೆ ಇಷ್ಟು ಸರಳವಾದ ಮಾತುಗಳಲ್ಲಿ ಅದನ್ನು ಬರೆದವರು ಅಪೂರ್ವ. ಸ್ಟೋನರನಲ್ಲಿ ವಿದ್ಯೆಯು ನೆಲಸಿದೆ, ದಾಟುತ್ತಿಲ್ಲ. ಅದು ಅಜ್ಞಾನಿಯ ಲಜ್ಜೆಯಲ್ಲ, ಬಲ್ಲವನ ಲಜ್ಜೆಯಾದುದರಿಂದಲೇ ತೀಕ್ಷ್ಣತರವಾಗಿದೆ.

ಈ ಭಾಗದ ಸುತ್ತಲೂ ದಿನಬಳಕೆಯ ವಿವರಗಳು ಮಿತವಾಗಿ ಬರುತ್ತವೆ. ಡೇವ್ ಮಾಸ್ಟರ್ಸ್, ಗಾರ್ಡನ್ ಫಿಂಚ್ ಎಂಬ ಇಬ್ಬರು ಸ್ನೇಹಿತರೊಡನೆ ಸಂಜೆಯ ಸಲ್ಲಾಪ. ವಿಶ್ವವಿದ್ಯಾನಿಲಯವು ಲೋಕದಲ್ಲಿ ಬಾಳಲಾರದವರಿಗೆ ಕಟ್ಟಿದ ಆಶ್ರಯವೆಂಬ ಮಾಸ್ಟರ್ಸನ ಕಟಕಿ. 1917ರಲ್ಲಿ ಅಮೆರಿಕವು ಮಹಾಯುದ್ಧವನ್ನು ಪ್ರವೇಶಿಸಿದಾಗ ಅವರಿಬ್ಬರೂ ಸೈನ್ಯಕ್ಕೆ ಸೇರುವುದು, ಸ್ಟೋನರನು ಸೇರದೆ ಉಳಿಯುವುದು. ಮಾಸ್ಟರ್ಸನು ಫ್ರಾನ್ಸಿನಲ್ಲಿ ಮಡಿಯುವುದು. ಮುಂದೆ ಮದುವೆ, ಮಾವನಿಂದ ಸಾಲ ಪಡೆದು ಕೊಂಡ ಮನೆ. ಆ ಮನೆಯಲ್ಲಿ ತನ್ನ ಓದುವ ಕೋಣೆಗೆ ಬೇಕಾದ ಕಪಾಟುಗಳನ್ನು ಅವನು ಕೈಯಾರೆ ಸಿದ್ಧಪಡಿಸುತ್ತಾನೆ; ಮರವನ್ನು ಉಜ್ಜುತ್ತ ಉಜ್ಜುತ್ತ ತನ್ನನ್ನೇ ರೂಪಿಸಿಕೊಳ್ಳುತ್ತಿರುವೆನೆಂದು ಅವನಿಗೆ ತೋರುತ್ತದೆ. ರೈತನ ಕೈಯೂ ಪಂಡಿತನ ಬುದ್ಧಿಯೂ ಇಲ್ಲಿ ಒಂದಾಗಿವೆ. ಆ ಕೋಣೆಯನ್ನು ಅವನು ಮುಂದೆ ಕಳೆದುಕೊಳ್ಳುತ್ತಾನೆ.

ಸಂಕ್ರಾಂತಿಯು ಯಾವಾಗ ಒದಗಿತು? ಪುಸ್ತಕವು ಪ್ರಕಟವಾಗಿ ಕೆಲಸವು ಸ್ಥಿರವಾದ ಬಳಿಕ, ಹಲವು ವರ್ಷ ತಡವಾಗಿ. ಒಂದು ದಿನ ಅವನು ಟಿಪ್ಪಣಿಯನ್ನು ಮರೆತು ವಿಷಯದಲ್ಲಿ ಮುಳುಗಿ ಮಾತನಾಡತೊಡಗುತ್ತಾನೆ. ಮುಚ್ಚಿಟ್ಟಿದ್ದ ಪ್ರೀತಿಯು ಹೊರಬೀಳುತ್ತದೆ. ವಿದ್ಯಾರ್ಥಿಗಳು ಎದ್ದು ಕುಳಿತು ಕೇಳುತ್ತಾರೆ. ಕಥೆಯಲ್ಲಿ ಇದಕ್ಕೆ ಯಾವ ಆಡಂಬರವೂ ಇಲ್ಲ. ಆದರೂ ಗ್ರಂಥದ ಮಧ್ಯಬಿಂದು ಇದೇ. ಪತಂಜಲಿಯು ಮಹಾಭಾಷ್ಯದಲ್ಲಿ ವಿದ್ಯೆಯು ನಾಲ್ಕು ಕಾಲಗಳಿಂದ ಸಾರ್ಥಕವಾಗುತ್ತದೆಂದು ಹೇಳಿರುವನು: ಗುರುವಿನಿಂದ ಪಡೆಯುವ ಕಾಲ, ತಾನೇ ಅಭ್ಯಾಸಮಾಡುವ ಕಾಲ, ಪರರಿಗೆ ಹೇಳುವ ಕಾಲ, ವ್ಯವಹಾರದಲ್ಲಿ ನಡೆಸುವ ಕಾಲ. ಸ್ಟೋನರನಿಗೆ ಮೂರನೆಯದು ಹೀಗೆ ದೊರೆಯಿತು.

ನಾಲ್ಕನೆಯದಕ್ಕೆ ಅವನು ತೆತ್ತ ಬೆಲೆಯು ಹೆಚ್ಚಿನದು. ಚಾರ್ಲ್ಸ್ ವಾಕರ್ ಎಂಬ ವಾಚಾಳಿ ವಿದ್ಯಾರ್ಥಿಯು ಮೌಖಿಕ ಪರೀಕ್ಷೆಯಲ್ಲಿ ಪ್ರಾಥಮಿಕ ವಿಷಯಗಳನ್ನೂ ಅರಿಯದವನೆಂದು ಸಿದ್ಧವಾದಾಗ, ಅವನನ್ನು ತೇರ್ಗಡೆಮಾಡಲು ಸ್ಟೋನರನು ಒಪ್ಪುವುದಿಲ್ಲ. ವಾಕರನಿಗೆ ಬೆಂಬಲವಾಗಿದ್ದ ಲೋಮ್ಯಾಕ್ಸನು ವಿಭಾಗದ ಮುಖ್ಯಸ್ಥನಾಗಿ, ಹಿರಿಯ ಅಧ್ಯಾಪಕನಿಗೆ ಮತ್ತೆ ಮೊದಲ ವರ್ಷದ ಪ್ರಬಂಧರಚನೆಯ ತರಗತಿಗಳನ್ನೇ ಅನನುಕೂಲ ವೇಳೆಗಳಲ್ಲಿ ಹಂಚುತ್ತಾನೆ. ವೃತ್ತಿಯ ಆರಂಭದಲ್ಲಿ ಸೋತಿದ್ದ ಆ ಪಾಠಕ್ಕೆ ಸ್ಟೋನರನು ಈಗ ಗುರುವಾಗಿಯೇ ಮರಳಿ, ಮಧ್ಯಯುಗದ ಇಂಗ್ಲಿಷಿನ ಗ್ರಂಥಗಳನ್ನು ಆ ಹೊಸಬರಿಗೇ ಪಾಠ ಹೇಳತೊಡಗುತ್ತಾನೆ. ಮುಖ್ಯಸ್ಥನು ಮಣಿದು ಹಳೆಯ ತರಗತಿಗಳನ್ನು ಮರಳಿಸಬೇಕಾಗುತ್ತದೆ. ಸೋತವನ ಕಥೆಯೆನ್ನುವವರು ಈ ಪ್ರಕರಣವನ್ನು ಪುನಃ ಓದಬೇಕು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಲೋಮ್ಯಾಕ್ಸ್, ವಾಕರ್ ಇಬ್ಬರು ಪ್ರತಿನಾಯಕರಿಗೂ ಅಂಗವೈಕಲ್ಯವನ್ನು ಹೊರಿಸಿರುವುದು ಅನುಚಿತ. ಹೊರಗಿನ ವೈಕಲ್ಯದಿಂದ ಒಳಗಿನ ವಕ್ರತೆಯನ್ನು ಸೂಚಿಸುವುದು ಸುಲಭದ ಮಾರ್ಗ. ಇಷ್ಟು ಸಂಯಮಿಯಾದ ಲೇಖಕನಿಗೆ ತಕ್ಕುದಲ್ಲ. ಇದಕ್ಕಿಂತ ದೊಡ್ಡ ಕೊರತೆಯು ಪತ್ನಿಯಾದ ಈಡಿತಳ ಪಾತ್ರದ್ದು. ಅವಳು ಪತಿಯನ್ನು ಪೀಡಿಸುವುದು ಕಾಣುತ್ತದೆ, ಏತಕ್ಕೆಂಬುದು ಸಾಕಷ್ಟು ಕಾಣುವುದಿಲ್ಲ. ಕಾಕತಾಳೀಯವಾಗಿ ಅದೇ 1965ರಲ್ಲಿ ನಮ್ಮಲ್ಲಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವು ಹೊರಬಂದಿತು. ಅಲ್ಲಿಯೂ ಸದಾಶಿವರಾಯರೆಂಬ ಇತಿಹಾಸದ ಅಧ್ಯಾಪಕರು ಗ್ರಂಥರಚನೆಯಲ್ಲಿಯೇ ಆಯುಷ್ಯವನ್ನು ಸವೆಸುತ್ತಾರೆ. ಆದರೆ ಅವರ ಪತ್ನಿ ನಾಗಲಕ್ಷ್ಮಿಯು ಕೇವಲ ಅಡ್ಡಿಯಾಗಿ ನಿಲ್ಲುವವಳಲ್ಲ. ರಾಮನಾಮವನ್ನು ಬರೆಯುತ್ತ ಕುಳಿತ ಅವಳ ಏಕಾಂತಕ್ಕೂ ಕಾದಂಬರಿಕಾರರು ಸ್ಥಳಕೊಟ್ಟಿರುವರು. ವಿದ್ವಾಂಸನ ತಪಸ್ಸಿನ ವೆಚ್ಚವನ್ನು ಮನೆಯವರೂ ತೆರುತ್ತಾರೆಂಬುದು ಅಲ್ಲಿ ಸ್ಪಷ್ಟ. ಈ ಒಂದು ವಿಷಯದಲ್ಲಿ ಕನ್ನಡದ ಕೃತಿಯೇ ಹೆಚ್ಚು ನ್ಯಾಯಬುದ್ಧಿಯುಳ್ಳದ್ದು.

ಈ ಚರ್ಚೆಯು ಕೇವಲ ಗ್ರಂಥವಿಚಾರವಲ್ಲ. 2010ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳು ಅಧ್ಯಾಪಕರ ಸಾಧನೆಯನ್ನು ಅಂಕಗಳ ಲೆಕ್ಕಕ್ಕೆ ತಂದ ಮೇಲೆ, ಪ್ರಕಟವಾದ ಲೇಖನಗಳನ್ನು ಎಣಿಸುವ ಅಭ್ಯಾಸವು ನಮ್ಮಲ್ಲಿ ಬಲವಾಗಿ ಬೆಳೆದಿದೆ. ವರ್ಷವರ್ಷವೂ ನೇಮಕಕ್ಕಾಗಿ ಕಾಯುವ ಅತಿಥಿ ಉಪನ್ಯಾಸಕನು ಮೊದಲ ತರಗತಿಯ ಸಂಕಟದ ಜೊತೆಗೆ ಈ ಎಣಿಕೆಯ ಭಯವನ್ನೂ ಹೊರಬೇಕಾಗಿದೆ. ಲೇಖನಗಳನ್ನು ಎಣಿಸಬಹುದು, ಸಂಕ್ರಾಂತಿಯನ್ನು ಎಣಿಸಲು ಸಾಧನವಿಲ್ಲ. ಸ್ಟೋನರನಿಗೆ ಅದು ಒದಗಲು ಹಲವು ವರ್ಷಗಳೇ ಬೇಕಾದುವು, ಅಷ್ಟು ವರ್ಷ ಅವನನ್ನು ಸಹಿಸಿದ ಒಂದು ಸಂಸ್ಥೆಯೂ ಬೇಕಾಯಿತು. ತರುಣರನ್ನು ನೇಮಿಸುವವರೂ ಅವರ ಪಾಠವನ್ನು ಪರೀಕ್ಷಿಸುವವರೂ ಈ ಕಾದಂಬರಿಯ ಮೊದಲ ನಾಲ್ಕಾರು ಅಧ್ಯಾಯಗಳನ್ನಾದರೂ ಓದುವುದು ಉಚಿತವೆಂದು ನಮ್ಮ ವಿಜ್ಞಾಪನೆ. ಕನ್ನಡದಲ್ಲಿ ಈಡಿತಳ ಪಕ್ಷವನ್ನೂ ಕೇಳಿಸುವಂಥ ಅಧ್ಯಾಪಕಜೀವನದ ಕಥೆಯೊಂದನ್ನು ಯಾರಾದರೂ ಬರೆದರೆ ಅದು ವಿಲಿಯಮ್ಸರಿಗೆ ತಕ್ಕ ಉತ್ತರವಾದೀತು.