ಬೀದಿಬದಿಯ ಗೂಡಿನಲ್ಲಿ ಚಿತ್ರ ನೋಡುವ ಬಗೆ

ಅಮೆರಿಕದ ಸಿಯಾಟಲ್ ನಗರದ ಕ್ವೀನ್ ಆ್ಯನ್ ಬಡಾವಣೆಯಲ್ಲಿ ಕಲಾವಿದೆ ಸ್ಟೇಸಿ ಮಿಲ್ರಾನಿ 2020ರ ಡಿಸೆಂಬರ್‌ನಲ್ಲಿ ತಮ್ಮ ಮನೆಯ ಹೊರಗೆ ಒಂದು ಪುಟ್ಟ ಗೂಡು ಇರಿಸಿದರು. ಕೊರೋನಾದ ದೆಸೆಯಿಂದ ದೊಡ್ಡ ಗ್ಯಾಲರಿಗಳು ಬಾಗಿಲು ಹಾಕಿಕೊಂಡಿದ್ದ ಕಾಲ ಅದು. ಗೂಡಿನೊಳಗೆ ಚಿತ್ರ ನಿಲ್ಲಿಸುವ ಬೆರಳುದ್ದದ ಈಸೆಲ್‌ಗಳು, ಅಂಗೈಯಗಲದ ಚಿತ್ರಗಳು, ಅವನ್ನು ನೋಡುತ್ತ ನಿಂತ ಪುಟಾಣಿ ಗೊಂಬೆಗಳು. ಬೇಕಾದದ್ದನ್ನು ಒಯ್ಯಬಹುದು, ನಿಮ್ಮದೊಂದನ್ನು ಇಡಬಹುದು, ಸುಮ್ಮನೆ ನೋಡಿಕೊಂಡೂ ಹೋಗಬಹುದು. ದುಡ್ಡಿನ ಮಾತೇ ಇಲ್ಲ. ಅದನ್ನು ಕಂಡು ಬೇರೆ ಊರುಗಳಲ್ಲೂ ಇಂಥ ಗೂಡುಗಳು ಎದ್ದವು. ಇದಕ್ಕೂ ಮೊದಲು, 2009ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಹಡ್ಸನ್ ಊರಿನಲ್ಲಿ ಟಾಡ್ ಬೋಲ್ ಎಂಬುವರು ಶಿಕ್ಷಕಿಯಾಗಿದ್ದ ತಾಯಿಯ ನೆನಪಿಗೆ ಶಾಲೆಯ ಆಕಾರದ ಪುಸ್ತಕದ ಪೆಟ್ಟಿಗೆ ನಿಲ್ಲಿಸಿದ್ದರು. ಚಿತ್ರದ ಗೂಡಿಗೆ ಅದೇ ದಾರಿ ತೋರಿತು.

ಮಕ್ಕಳು ಸಿಯಾಟಲ್‌ಗೆ ಹೋಗಿ ನೆಲೆಸಿದ್ದಾರೆಂದು ನಮ್ಮವರು ಆ ಊರಿಗೆ ಹೋಗಿಬರುತ್ತಲೇ ಇರುತ್ತಾರೆ. ಅಂಥವರು ಇಂಥ ಗೂಡಿನ ಮುಂದೆ ನಿಂತರೆ ಮೊದಲು ಸೊಂಟ ಬಗ್ಗಿಸಬೇಕು. ಕಣ್ಣನ್ನು ಗೊಂಬೆಗಳ ಮಟ್ಟಕ್ಕೆ ತನ್ನಿ. ಮೇಲಿನಿಂದ ನೋಡಿದಾಗ ಕಾಗದದ ಚೂರಿನಂತಿದ್ದದ್ದು ಗೊಂಬೆಯ ಬೆನ್ನ ಹಿಂದಿನಿಂದ ಗೋಡೆ ತುಂಬಿದ ಚಿತ್ರವಾಗುತ್ತದೆ. ದಸರಾ ಗೊಂಬೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಚಿತ್ರ ಸಣ್ಣದಾಗಿಯೇ ಹುಟ್ಟಿತೋ, ದೊಡ್ಡದನ್ನು ಕುಗ್ಗಿಸಿದ್ದೋ? ಬೆಟ್ಟ, ಹೊಳೆ, ಸೂರ್ಯಾಸ್ತವನ್ನೆಲ್ಲ ಎರಡೂವರೆ ಅಂಗುಲಕ್ಕೆ ತುರುಕಿದರೆ ಯಾವುದೂ ಉಸಿರಾಡುವುದಿಲ್ಲ. ಒಂದು ಹಣ್ಣು, ಒಂದು ಕಿಟಕಿ, ನಾಲ್ಕು ಗೆರೆಯಲ್ಲಿ ನಿಂತ ಕೊಕ್ಕರೆ ಅಲ್ಲಿ ಹಾಯಾಗಿರುತ್ತವೆ. ಸಣ್ಣ ಚಿತ್ರದಲ್ಲಿ ತಪ್ಪು ಗೆರೆಗೆ ಅಡಗುವ ಜಾಗವಿಲ್ಲ. ನನ್ನ ಮಟ್ಟಿಗೆ ಈ ಕಲೆಯ ಗಟ್ಟಿತನವೆಲ್ಲ ಇಲ್ಲಿದೆ.

ಲಿನೋಲಿಯಂ ಹಾಳೆಯನ್ನು ಕೆತ್ತಿ, ಶಾಯಿ ಬಳಿದು ಒತ್ತಿದ ಲಿನೋ ಅಚ್ಚಿನ ಚಿತ್ರವೊಂದು ಕೈಗೆ ಬಂತೆನ್ನಿ. ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಶಾಯಿ ಕೂತ ಕಡೆ ಕಾಗದ ತುಸು ತಗ್ಗಿರುತ್ತದೆ. ಬಿಳಿಯಾಗಿ ಕಾಣುವುದೆಲ್ಲ ಉಳಿ ಕೆತ್ತಿ ತೆಗೆದ ಜಾಗ. ಆ ಬಿಳಿಯ ನಡುವೆ ಕೂದಲೆಳೆಯಂಥ ಕಪ್ಪು ಗೀಚು ಕಂಡರೆ ಅದು ಉಳಿಯ ಬಾಯಿಗೆ ಸಿಗದೆ ಉಳಿದ ಏಣು. ಕೈ ಎತ್ತ ಸಾಗಿತೆಂದು ಅದೇ ಹೇಳುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ 3/20 ಎಂದಿದ್ದರೆ ಇಪ್ಪತ್ತು ಪ್ರತಿಗಳಲ್ಲಿ ಇದು ಮೂರನೆಯದು. ಕಸೂತಿಯಾದರೆ ಮಗುಚಿ ಬೆನ್ನು ನೋಡಿ, ದಾರ ಹೇಗೆ ಸಾಗಿತೆಂದು ಅಲ್ಲಿ ತಿಳಿಯುತ್ತದೆ.

ಹೊಸಬರು ಹಿಂಜರಿಯುವುದು ಒಯ್ಯುವಾಗ. "ಬಿಟ್ಟಿ" ಎಂಬ ಮಾತು ನಾಲಗೆಗೆ ಕಹಿ. ದಯವಿಟ್ಟು ಹಾಗೆ ಎಣಿಸಬೇಡಿ. ಇಟ್ಟವರು ಯಾರಾದರೂ ಒಯ್ಯಲೆಂದೇ ಇಟ್ಟಿದ್ದಾರೆ. ಅವರಿಗೆ ಚಪ್ಪಾಳೆಯೆಂದರೆ ಖಾಲಿಯಾದ ಆ ಜಾಗವೇ. ಒಂದನ್ನು ಮಾತ್ರ ತೆಗೆದುಕೊಳ್ಳಿ. ಹೊಳಪಿನದು ಮೊದಲು ಕಣ್ಣಿಗೆ ಬೀಳುತ್ತದೆ, ಒಂದು ನಿಮಿಷ ಕಾಯಿರಿ, ಮತ್ತೆ ಮತ್ತೆ ಕಣ್ಣು ಹೋಗುವುದು ಯಾವುದಕ್ಕೋ ಅದನ್ನು ಎತ್ತಿಕೊಳ್ಳಿ. ಮನೆಯಲ್ಲಿ ದಿನಾ ಕೂರುವ ಕಡೆ ಇಡಿ. ತಿಂಗಳಾದ ಮೇಲೂ ನೋಡಬೇಕೆನಿಸಿದರೆ ನಿಮ್ಮ ಆಯ್ಕೆ ಸರಿ.

ಪಕ್ಕದ ಮನೆಯವರು ಹುಳಿ ಕಳಿಸಿದ ಪಾತ್ರೆಯನ್ನು ನಾವು ಬರಿದಾಗಿ ಮರಳಿಸುವುದಿಲ್ಲ, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡುತ್ತೇವೆ. ಇಲ್ಲಿಯೂ ಹಾಗೆಯೇ, ಆದರೆ ಇವತ್ತೇ ಆಗಬೇಕಿಲ್ಲ. ಚಿತ್ರ ಬರೆಯಲು ಬಾರದಿದ್ದರೆ ಚುಕ್ಕಿ ರಂಗೋಲಿಯೊಂದನ್ನು ದಪ್ಪ ಕಾಗದದ ಮೇಲೆ ಬಿಡಿಸಿ. ಅಳತೆ ಬೇಕೆಂದರೆ 64 x 89 ಮಿಲಿಮೀಟರ್ ಇರಲಿ. 1997ರಲ್ಲಿ ಜ್ಯೂರಿಕ್‌ನ ಕಲಾವಿದ ಸ್ಟಿರ್ನೆಮನ್ ಶುರುಮಾಡಿದ, ಮಾರದೆ ಬರೀ ವಿನಿಮಯ ಮಾಡಿಕೊಳ್ಳುವ ಕಲಾ ಕಾರ್ಡುಗಳ ಅಳತೆ ಅದು. ಹಿಂಬದಿಯಲ್ಲಿ ಹೆಸರು, ತಾರೀಕು ಬರೆಯಿರಿ.

ಬರುವಾಗ ಗೂಡಿನ ಬಾಗಿಲು ಸರಿಯಾಗಿ ಮುಚ್ಚಿ ಬನ್ನಿ. ಸಿಯಾಟಲ್‌ನಲ್ಲಿ ಮಳೆಯ ದಿನಗಳು ಜಾಸ್ತಿ, ಜಲವರ್ಣಕ್ಕೆ ಒಂದು ಹನಿ ಸಾಕು.